ತಾಳಿ ಕಟ್ಟೋ ಹೊತ್ತಿಗೆ ಹಾಡೇ ಮಾಯ!

ಶಲವಡಿಯಲ್ಲಿ ನಮ್ಮ ಕಾಕಾನ ಮಗಳ ಲಗ್ನ. ಹುಬ್ಬಳ್ಳಿಯಲ್ಲಿ ಇವೆಂಟ್ ವಿಡಿಯೋ ಮಾಡೋದು ನನ್ನ ಹೊಟ್ಟೆಪಾಡು. ಅಂದಮೇಲೆ ಕ್ಯಾಮೆರಾ ಹಿಡಿಯೋನು ನಾನೇ ಅಂತ ಮನೆಯವರು ನನ್ನ ಕೇಳದೇ ತೀರ್ಮಾನ ಮಾಡಿಬಿಟ್ಟಿದ್ದರು. ಸಂಭಾವನೆ ಎರಡು ಡಬ್ಬಿ ಬುಂದೆ ಲಾಡು.

ಹನ್ನೆರಡು ನಿಮಿಷದ ಚೆಂದದ ವಿಡಿಯೋ ಮಾಡಿದೆ. ತಾಳಿ ಕಟ್ಟೋ ದೃಶ್ಯಕ್ಕೆ ಒಂದು ಸಿನಿಮಾ ಹಾಡು ಕೂಡಿಸಿದೆ. ರಾತ್ರಿ ಅಪ್‌ಲೋಡ್ ಮಾಡಿ ಮಲಗಿದೆ. ಬೆಳಿಗ್ಗೆ ಪುಣೆಯಿಂದ ಅತ್ತೆಯ ಫೋನು: "ಏನಪಾ, ತಾಳಿ ಕಟ್ಟೂ ಹೊತ್ತಿನ್ಯಾಗ ಎಲ್ಲಾರೂ ಮೂಕರಾಗ್ಯಾರಲ್ಲ?"

ನೋಡಿದರೆ ಹಕ್ಕುದಾರರ ಕ್ಲೇಮ್ ಬಂದು ಅಷ್ಟು ಭಾಗದ ದನಿಯೇ ಬಂದ್ ಆಗಿದೆ. ಹಾಡಿನ ಜೊತೆ ವಾಲಗವೂ ಹೋಯ್ತು, ಕಾಕು ಬಿಕ್ಕಿ ಬಿಕ್ಕಿ ಅತ್ತದ್ದೂ ಹೋಯ್ತು. ತಪ್ಪು ನನ್ನದೇ. ಐದು ವರ್ಷದಿಂದ ಈ ಕೆಲಸ ಮಾಡ್ತಿದ್ದರೂ ಹಾಡಿನ ಕಾನೂನು ಏನು ಅಂತ ಒಮ್ಮೆಯೂ ಓದಿರಲಿಲ್ಲ. ಅವತ್ತು ಓದೋಕೆ ಕೂತೆ.

ಮೊದಲು ಗೊತ್ತಾದದ್ದು, ಮದುವೆ ಮನೆಯಲ್ಲಿ ಹಾಡು ಹಚ್ಚೋದು ತಪ್ಪಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಧಾರ್ಮಿಕ ಸಮಾರಂಭಗಳಿಗೆ ವಿನಾಯಿತಿ ಕೊಟ್ಟಿದೆ. ಮದುವೆ ಮೆರವಣಿಗೆ, ಮದುವೆಗೆ ಸಂಬಂಧಿಸಿದ ಸಂಭ್ರಮ ಎಲ್ಲ ಅದರೊಳಗೇ ಬರುತ್ತವೆ. ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಇದನ್ನೇ ಮತ್ತೊಮ್ಮೆ ಪ್ರಕಟಣೆ ಹೊರಡಿಸಿ ಹೇಳಿತು. ಆದರೆ ಆ ವಿನಾಯಿತಿ ಅಲ್ಲಿ ಹಾಡು ಕೇಳಿಸೋದಕ್ಕೆ. ಅದೇ ಹಾಡನ್ನು ವಿಡಿಯೋಕ್ಕೆ ಕೂಡಿಸಿ ಊರಿಗೆಲ್ಲ ಹಂಚೋದು ಬೇರೆ ಲೆಕ್ಕ. ನಾನು ಎಡವಿದ್ದು ಇಲ್ಲೇ.

ಇನ್ನೊಂದು ವಿಷಯ. ಹಾಡು ಒಬ್ಬರ ಸ್ವತ್ತಲ್ಲ, ಅದು ಪಾಲಿನ ಹೊಲ ಇದ್ದಂಗೆ. ಹೊಲ ಒಬ್ಬರದು, ಬೀಜ ಒಬ್ಬರದು, ದುಡಿಮೆ ಇನ್ನೊಬ್ಬರದು ಇದ್ದರೆ ಹೆಸರುಕಾಳಿನ ರಾಶಿಯಲ್ಲಿ ಎಲ್ಲರಿಗೂ ಪಾಲಿರುತ್ತಲ್ಲ? ಹಾಗೆಯೇ ಸಾಹಿತ್ಯದ ಹಕ್ಕು ಒಂದು, ರಾಗ ಸಂಯೋಜನೆಯ ಹಕ್ಕು ಒಂದು, ರೆಕಾರ್ಡಿಂಗಿನ ಹಕ್ಕು ಮತ್ತೊಂದು. ಕವಿಯ, ಸಂಗೀತಗಾರನ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ರೆಕಾರ್ಡಿಂಗಿಗೆ ಅದು ಹೊರಬಂದ ಮೇಲೆ 60 ವರ್ಷ.

ನಮ್ಮ ಭಾಗದ ಲೆಕ್ಕವನ್ನೇ ನೋಡಿ. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ತತ್ವಪದಗಳನ್ನು ಯಾರು ಬೇಕಾದರೂ ಹಾಡಬಹುದು. ಆದರೆ ಆ ಪದಗಳಿಗೆ ಸಿ. ಅಶ್ವತ್ಥ್ ಕೂಡಿಸಿದ ರಾಗ? ಅವರು ತೀರಿದ್ದು 2009ರಲ್ಲಿ, ಹಾಗಾಗಿ ರಾಗದ ಹಕ್ಕು 2069ರ ಕೊನೆಯವರೆಗೆ. ಧಾರವಾಡದ ಬೇಂದ್ರೆ ಅಜ್ಜ 1981ರಲ್ಲಿ ಹೋದರು. ಅವರ ಕವಿತೆಗಳಿಗೆ 2041 ಮುಗಿಯೋವರೆಗೂ ಅನುಮತಿ ಬೇಕು.

"ಮೂವತ್ತು ಸೆಕೆಂಡಿನೊಳಗೆ ಹಾಕಿದ್ರೆ ಏನಾಗಲ್ಲ", "ಕೆಳಗೆ ಕ್ರೆಡಿಟ್ ಬರೆದ್ರೆ ಆಯ್ತು" ಅಂತ ನನಗೂ ಗೆಳೆಯರು ಹೇಳಿಕೊಟ್ಟಿದ್ದರು. ಅಂಥ ನಿಯಮ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ನಿಮ್ಮ ಸ್ವಂತ ಇನ್‌ಸ್ಟಾಗ್ರಾಂ ರೀಲ್‌ಗೆ ಅಲ್ಲಿ ಸಿಗೋ ಹಾಡು ಹಾಕಿದಂತೆ ಅಂಗಡಿಯ, ಕಂಪನಿಯ ಜಾಹೀರಾತಿಗೆ ಹಾಕೋಕೆ ಬರೋದಿಲ್ಲ.

ದೊಡ್ಡವರೂ ಇದರಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ. 2022ರ ನವೆಂಬರಿನಲ್ಲಿ ಭಾರತ್ ಜೋಡೋ ಯಾತ್ರೆಯ ವಿಡಿಯೋಕ್ಕೆ ‘ಕೆಜಿಎಫ್ ಚಾಪ್ಟರ್ 2’ ಹಾಡು ಬಳಸಿದ್ದಾರೆ ಅಂತ ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ ನ್ಯಾಯಾಲಯಕ್ಕೆ ಹೋಯಿತು. ನಗರದ ನ್ಯಾಯಾಲಯ ಕಾಂಗ್ರೆಸ್ಸಿನ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಡೆಹಿಡಿಯಿರಿ ಅಂದಿತು. ಮರುದಿನವೇ ಹೈಕೋರ್ಟ್ ಆ ಆದೇಶ ತೆಗೆದುಹಾಕಿತು, ಆದರೆ ಆ ವಿಡಿಯೋಗಳನ್ನು ತೆಗೀಬೇಕು ಅನ್ನೋ ಷರತ್ತಿನ ಮೇಲೆ. ರಾಷ್ಟ್ರೀಯ ಪಕ್ಷಕ್ಕೇ ಹೀಗಾದರೆ ನನ್ನ ಲಾಡು ಸಂಭಾವನೆಯ ವಿಡಿಯೋ ಯಾವ ಲೆಕ್ಕ!

ಸರಿ, ಸಿನಿಮಾ ಹಾಡು ತೆಗೆದೆ. ಲಗ್ನದ ಹಿಂದಿನ ರಾತ್ರಿ ನಮ್ಮೂರ ಭಜನಿ ಮೇಳದವರು ಬಂದು ಹಾಡಿದ್ದು ನನ್ನ ಫೋನಿನಲ್ಲಿತ್ತು. ಶರೀಫರ ಪದ, ಮಟ್ಟು ತಲೆಮಾರಿನಿಂದ ಊರಲ್ಲಿ ಬಂದದ್ದು. ಅದನ್ನೇ ಕೂಡಿಸಿದೆ. ಸಿನಿಮಾ ಹಾಡಿಗಿಂತ ಪಸಂದಾಗಿ ಕೂತಿತು. ಅತ್ತೆ ಎರಡು ಸಲ ನೋಡಿ ಅತ್ತಳಂತೆ. ನಾನು ಗೆದ್ದೆ ಅಂದುಕೊಂಡೆ.

ಕೆಲವು ತಿಂಗಳಾದ ಮೇಲೆ ಹುಬ್ಬಳ್ಳಿಯ ಅಂಗಡಿಯೊಂದರ ಜಾಹೀರಾತು ಮಾಡಿದೆ. ಹಳ್ಳಿ ಸೊಗಡಿನ ದನಿ ಬೇಕು ಅಂದರು. ಅದೇ ಭಜನಿಯ ಇಪ್ಪತ್ತು ಸೆಕೆಂಡು ಕತ್ತರಿಸಿ ಹಾಕಿ ಆರು ಸಾವಿರ ತಗೊಂಡೆ.

ಮುಂದಿನ ಸಲ ಊರಿಗೆ ಹೋದಾಗ ಬಸ್ ಇಳಿಯೋದಕ್ಕೂ ಮೇಳದ ಹಿರಿಯಜ್ಜ ಎದುರಾಗೋದಕ್ಕೂ ಸರಿಹೋಯ್ತು.

"ತಮ್ಮಾ, ಯಾವುದೋ ಅಂಗಡಿ ಜಾಹೀರಾತಿನ್ಯಾಗ ನಮ್ಮ ದನಿ ಬರಾಕತ್ತೈತಂತ. ಖರೇನ?"

"ಹೌದ್ರಿ ಅಜ್ಜಾರ..."

"ಛಲೋ ಆತು. ಕೇಳಿದ್ರ ನಾವೇನ್ ಬ್ಯಾಡ ಅಂತಿದ್ವೇನು?"

ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಮತ್ತಷ್ಟು ಚುಚ್ಚಿತು. ಸಿನಿಮಾ ಕಂಪನಿ ನನ್ನ ವಿಡಿಯೋದ ದನಿ ಕಿತ್ತುಕೊಂಡಿತು ಅಂತ ಗೊಣಗಿದವನು ನಾನು. ಅಜ್ಜನ ದನಿಯನ್ನು ಮಾರಿಕೊಂಡು ಬಂದವನೂ ನಾನೇ. ಕಂಪನಿಗೆ ಕ್ಲೇಮ್ ಹಾಕೋ ಯಂತ್ರ ಇದೆ. ಅಜ್ಜನಿಗೆ ಬಸ್‌ಸ್ಟ್ಯಾಂಡಿನಲ್ಲಿ ಎದುರಾಗಿ ಕೇಳೋದು ಬಿಟ್ಟರೆ ಬೇರೆ ದಾರಿ ಇಲ್ಲ.

ಪದ ಹಳೇದಿರಬಹುದು, ಮಟ್ಟು ಊರಿಂದಿರಬಹುದು, ಹಾಡಿದ್ದು ಮಾತ್ರ ಅವರು. ಹಾಡಿದವರಿಗೂ ಕಾಯ್ದೆ ಹಕ್ಕು ಕೊಟ್ಟಿದೆ, 50 ವರ್ಷ. ಅವರು ಒಪ್ಪದೇ ರೆಕಾರ್ಡ್ ಮಾಡಿ ವ್ಯಾಪಾರಕ್ಕೆ ಬಳಸೋಕೆ ಬರೋದಿಲ್ಲ. ಹಳೇದು, ಫ್ರೀ ಅಂತ ನಾನು ಓದಿಕೊಂಡಿದ್ದೆ. ಈ ಕಲಮನ್ನು ಮಾತ್ರ ಹಾರಿಸಿದ್ದೆ.

ಆ ರಾತ್ರಿ ಗುಡಿ ಕಟ್ಟೆಯಲ್ಲಿ ಕೂತು ಕನ್ನಡದಲ್ಲಿ ಒಂದು ಹಾಳೆ ಬರೆದೆ. ಯಾರು ಹಾಡಿದ್ದು, ಯಾವ ವಿಡಿಯೋಕ್ಕೆ, ಎಲ್ಲೆಲ್ಲಿ ಹಾಕ್ತೀವಿ, ಎಷ್ಟು ದಿನ, ಎಷ್ಟು ರೊಕ್ಕ, ಕೊನೆಗೆ ಹೆಸರು ಹಾಕೋದು, ಎಲ್ಲ ಬರೆದು ಓದಿ ಹೇಳಿದೆ. ಆರು ಸಾವಿರದಲ್ಲಿ ಮೂರು ಮೇಳದ ಪೆಟ್ಟಿಗೆಗೆ ಹೋಯಿತು. ಸೋರುತ್ತಿದ್ದ ಹಾರ್ಮೋನಿಯಂ ರಿಪೇರಿ ಆಯಿತು.

ಸಹಿ ಮಾಡೋ ಮೊದಲು ಅಜ್ಜ ತನ್ನದೊಂದು ಷರತ್ತು ಬರೆಸಿದರು: "ಸೆರೆ ಅಂಗಡಿಗೂ ಎಲೆಕ್ಷನ್ನಿಗೂ ನಮ್ಮ ಪದ ಕೊಡಂಗಿಲ್ಲ." ರೊಕ್ಕಕ್ಕಿಂತ ಅವರಿಗೆ ಬೇಕಾಗಿದ್ದದ್ದು ಅದೇ, ಬ್ಯಾಡ ಅನ್ನೋ ಅವಕಾಶ.

ನೀವೂ ಆಫೀಸಿನ ಕಾರ್ಯಕ್ರಮಕ್ಕೆ, ಗೆಳೆಯನ ಅಂಗಡಿಗೆ ವಿಡಿಯೋ ಮಾಡ್ತಿರಬಹುದು. ಯೂಟ್ಯೂಬಿನ ಆಡಿಯೋ ಲೈಬ್ರರಿಯಲ್ಲಿ ಪುಕ್ಕಟೆ ಸಂಗೀತ ಇದೆ, ಷರತ್ತು ಓದಿ ತಗೊಳ್ಳಿ. ಸಿನಿಮಾ ಹಾಡೇ ಬೇಕೆಂದರೆ ಅದರ ಆಡಿಯೋ ಕಂಪನಿಗೆ ಬರೆದು ಕೇಳಿ. ಕಂಪನಿ ಕಾರ್ಯಕ್ರಮದಲ್ಲಿ ಡಿಜೆ ಇದ್ದರೆ ಮದುವೆಯ ವಿನಾಯಿತಿ ನಡೆಯಲ್ಲ, ಲೈಸೆನ್ಸ್ ಯಾರು ತಗೋತಾರೆ ಅಂತ ಆಯೋಜಕರನ್ನು ಮೊದಲೇ ಕೇಳಿ. ಊರಿನ ದನಿ ಬೇಕಾದರೆ ಹಾಡಿದವರ ಮನೆ ಬಾಗಿಲಿಗೇ ಹೋಗಿ. ಚಹಾ ಸಿಗುತ್ತೆ, ಬಹಳ ಸಲ ಅನುಮತಿಯೂ ಸಿಗುತ್ತೆ.

ನನ್ನ ಬ್ಯಾಗಿನಲ್ಲಿ ಈಗ ಬ್ಯಾಟರಿ, ಮೆಮೊರಿ ಕಾರ್ಡಿನ ಜೊತೆ ಆ ಹಾಳೆಯ ಹತ್ತು ಝೆರಾಕ್ಸ್ ಇರ್ತಾವೆ. ಮುಂದಿನ ತಿಂಗಳು ಊರಲ್ಲಿ ಇನ್ನೊಂದು ಲಗ್ನ. ಅಜ್ಜ ಆಗಲೇ ಫೋನ್ ಮಾಡಿದ್ದಾರೆ: "ಈ ಸಲ ಮೊದಲ ಕೇಳ್ತೀಯೇನಪಾ?"