ಕಡಲಿನ ಲೆಕ್ಕವೂ ಕರಿಗಲ್ಲಿನ ಗೋಡೆಯೂ

ಮಳೆಗಾಲವು ಬಂತೆಂದರೆ ಉಳ್ಳಾಲ, ಸೋಮೇಶ್ವರ, ಉಚ್ಚಿಲಗಳ ಕಡೆಯಿಂದ ಒಂದೇ ವಿಧವಾದ ವರ್ತಮಾನವು ಬರುವದು. ತೆಂಗಿನ ಮರಗಳು ಬುಡಸಮೇತ ಉರುಳಿದವು, ರಸ್ತೆ ಕುಸಿಯಿತು, ಯಾರದೋ ಮನೆಯ ಹಿಂಗೋಡೆ ಸಮುದ್ರದ ಪಾಲಾಯಿತು. ಅದರ ಬೆನ್ನಿಗೇ ಲಾರಿಗಳಲ್ಲಿ ಕರಿಗಲ್ಲುಗಳು ಬರುವವು. ಕೆಲವು ವರುಷಗಳಲ್ಲಿ ಆ ಕಲ್ಲುಗಳು ಹೊಯಿಗೆಯೊಳಗೆ ಹೂತು ಹೋಗಲಾಗಿ ಬೇರೆ ಕಲ್ಲುಗಳು ಬರುವವು. ಕಡಲನ್ನು ಕ್ರೂರಿಯೆಂದು ದೂರುವದು ನಮಗೆ ಸುಲಭ. ನನಗೆ ತೋರುವ ಮಟ್ಟಿಗೆ ಕಡಲು ಲೆಕ್ಕದಲ್ಲಿ ಬಹು ಕಟ್ಟುನಿಟ್ಟಾದದ್ದು; ಆ ಲೆಕ್ಕವನ್ನು ನೋಡದೆ ದಡದಲ್ಲಿ ಮಾಡುವ ವೆಚ್ಚವು ಹೊಳೆಯಲ್ಲಿ ಹುಣಿಸೆಹಣ್ಣು ಕದಡಿದಂತೆಯೇ ಸರಿ.

ವಾಚಕ ಸಹೋದರಿಯರೇ, ಈ ಲೆಕ್ಕವು ಕಷ್ಟವಾದದ್ದಲ್ಲ. ಆಳವಾದ ನೀರಿನಲ್ಲಿ ತೆರೆಯು ಮುಂದುವರಿಯುವದೇ ಹೊರತು ನೀರು ಅದರೊಡನೆ ಅಷ್ಟಾಗಿ ಮುಂದುವರಿಯುವದಿಲ್ಲ. ತೇಲುತ್ತಿರುವ ತೆಂಗಿನಸಿಪ್ಪೆಯನ್ನು ನೋಡಿರಿ; ತೆರೆಯು ಹಾಯುವಾಗ ಅದು ಏರಿ ಇಳಿದು ಬಹುಮಟ್ಟಿಗೆ ಅಲ್ಲಿಯೇ ಇರುವದು. ದಡವು ಸಮೀಪಿಸಿ ನೀರಿನ ಆಳವು ತೆರೆಯ ಎತ್ತರಕ್ಕಿಂತ ತುಸುವೇ ಹೆಚ್ಚಾಗಿರುವ ಸ್ಥಳಕ್ಕೆ ಬಂದಾಗ ತೆರೆಯ ಬುಡವು ತಡೆದು ತಲೆಯು ಮುಗ್ಗರಿಸಿ ಒಡೆಯುವದು. ಸಾವಿರಾರು ಮೈಲಿಗಳಾಚೆ ಗಾಳಿಯು ಕೊಟ್ಟ ಶಕ್ತಿಯೆಲ್ಲಾ ಆ ಕೆಲವೇ ಗಜಗಳಲ್ಲಿ ಖರ್ಚಾಗಬೇಕು. ಅದನ್ನು ತಾಳಿಕೊಳ್ಳುವ ವಸ್ತು ಹೊಯಿಗೆ. ಜೂನ್ ತಿಂಗಳಿನಿಂದ ಎತ್ತರವಾದ ತೆರೆಗಳು ಒತ್ತೊತ್ತಾಗಿ ಬಡಿಯುವಾಗ ದಡದ ಹೊಯಿಗೆಯು ಒಳಗಡಲಿಗೆ ಸರಿದು ನೀರಿನಡಿಯಲ್ಲಿ ದಿಬ್ಬವಾಗುವದು; ಮುಂದಿನ ತೆರೆಗಳು ಆ ದಿಬ್ಬದ ಮೇಲೆಯೇ ಒಡೆದು ದಡಕ್ಕೆ ಬರುವಷ್ಟರಲ್ಲಿ ಸೊರಗುವವು. ಮಳೆ ಹಿಂಜರಿದ ಮೇಲೆ ತಗ್ಗಾದ ನಿಡುದೆರೆಗಳು ಅದೇ ಹೊಯಿಗೆಯನ್ನು ಮೆಲ್ಲಮೆಲ್ಲನೆ ಹಿಂದಕ್ಕೆ ತಂದಿಡುವವು. ಆಷಾಢದಲ್ಲಿ ಕಡಲು ತಿಂದದ್ದೆಲ್ಲಾ ನಷ್ಟವೆಂದು ಬರೆದುಕೊಳ್ಳುವವರು ಮಾಘದವರೆಗೆ ಕಾಯಬೇಕು.

ತೆರೆಗಳು ಯಾವಾಗಲೂ ದಡಕ್ಕೆ ನೇರವಾಗಿ ಬರುವದಿಲ್ಲ. ಓರೆಯಾಗಿ ಬಂದಾಗ ಒಂದೊಂದು ತೆರೆಯೂ ಹೊಯಿಗೆಯ ಕಣಗಳನ್ನು ಓರೆಯಾಗಿ ಮೇಲಕ್ಕೆ ತಳ್ಳಿ, ಇಳಿಯುವಾಗ ನೇರವಾಗಿ ಕೆಳಕ್ಕೆ ಎಳೆಯುವದು. ಇದರಿಂದ ಹೊಯಿಗೆಯು ದಡದುದ್ದಕ್ಕೂ ಹೆಜ್ಜೆಹೆಜ್ಜೆಯಾಗಿ ನಡೆದುಹೋಗುವದು. ತೆರೆಯೊಡೆಯುವ ಪಟ್ಟಿಯಲ್ಲಿ ಹುಟ್ಟುವ ಈ ಸೆಳವು ದಡಕ್ಕೆ ಬಹು ಮುಖ್ಯವಾದದ್ದು. ಹೊರಗಡಲಿನ ದೊಡ್ಡ ಪ್ರವಾಹವು ನಮ್ಮ ಪಡುಕರಾವಳಿಯಲ್ಲಿ ನೈಋತ್ಯ ಮಳೆಗಾಲದಲ್ಲಿ ದಕ್ಷಿಣಕ್ಕೂ ಚಳಿಗಾಲದಲ್ಲಿ ಉತ್ತರಕ್ಕೂ ಹರಿಯುವದಾದರೂ, ದಡದ ರೂಪವನ್ನು ತಿದ್ದುವದರಲ್ಲಿ ಅದರ ಕೈ ಚಿಕ್ಕದು.

ಉಬ್ಬರವಿಳಿತಗಳ ಕೆಲಸ ಬೇರೆ. ಹೆಚ್ಚುಕಡಿಮೆ ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷಗಳಿಗೊಮ್ಮೆ ನೀರು ಉಬ್ಬುವದು. ಅಮಾವಾಸ್ಯೆ ಹುಣ್ಣಿಮೆಗಳ ಸುಮಾರಿಗೆ ಸೂರ್ಯಚಂದ್ರರ ಸೆಳೆತಗಳು ಒಂದುಗೂಡುವದರಿಂದ ಹೆಚ್ಚಾಗಿ ಉಬ್ಬುವದು. ಖಂಬಾತದ ಕೊಲ್ಲಿಯಲ್ಲಿ ಈ ಏರಿಳಿತವು 10 ಮೀಟರಿಗೂ ಮಿಕ್ಕಿರುವಾಗ ಮಂಗಳೂರಿನಲ್ಲಿ ದೊಡ್ಡ ಉಬ್ಬರವೂ ಸುಮಾರು ಒಂದೂವರೆ ಮೀಟರು ಮಾತ್ರ. ಅಷ್ಟು ಸಾಕು. ಬಿರುಗಾಳಿಯ ತೆರೆಗಳು ಆ ಹೊತ್ತಿಗೆ ಬಂದರೆ, ಬೇರೆ ದಿವಸ ದಿಬ್ಬದ ಕೆಳಗೇ ಸಾಯುವ ತೆರೆಯು ತೆಂಗಿನ ಬುಡಕ್ಕೆ ಕೈಯಿಕ್ಕುವದು. ಮೊಗವೀರರ ಮನೆಯ ಅಜ್ಜಿಯಂದಿರು ತಿಥಿ ನೋಡಿ ಜಾಗರೂಕರಾಗುತ್ತಿದ್ದದ್ದು ವ್ಯರ್ಥವಲ್ಲ.

ಈ ನಡೆಯುವ ಹೊಯಿಗೆಗೆ ಅಡ್ಡಲಾಗಿ ಕಲ್ಲಿನ ತೋಳು ಚಾಚಿದರೆ ಏನಾಗುವದು? ಮದ್ರಾಸು ಪಟ್ಟಣವು ಇದನ್ನು ಬಹಳ ಹಿಂದೆಯೇ ಕಂಡಿತು. 1870ರ ದಶಕದಲ್ಲಿ ಅಲ್ಲಿ ಬಂದರಿನ ತಡೆಗೋಡೆಗಳ ಕೆಲಸ ತೊಡಗಿದ ಮೇಲೆ ದಕ್ಷಿಣದಿಂದ ಬರುವ ಹೊಯಿಗೆಯು ನಿಂತು ಮರೀನಾ ದಡವು ಅಗಲವಾಗುತ್ತಾ ಬಂತು. ಉತ್ತರದಲ್ಲಿ ರಾಯಪುರದ ದಡವು ಕೊರೆದುಹೋಯಿತು. ಮರೀನಾದಲ್ಲಿ ಗಾಳಿ ಸೇವಿಸಿದವರೆಷ್ಟು ಮಂದಿ ರಾಯಪುರದ ಬೆಸ್ತರನ್ನು ನೆನೆದಾರು? ನಮ್ಮಲ್ಲಿಯೂ ನೇತ್ರಾವತಿ ಗುರುಪುರ ಹೊಳೆಗಳ ಅಳಿವೆಬಾಗಿಲಿಗೆ 1990ರ ದಶಕದಲ್ಲಿ ಎರಡು ತಡೆಗೋಡೆಗಳು ಬಂದವು. ಬೋಟುಗಳ ಹೋಗುಬರವಿಗೆ ಅವು ಬೇಕಾಗಿದ್ದವು. ಆದರೆ ಆ ಮೇಲೆ ಬಡಗಿನ ಬೆಂಗ್ರೆಯಲ್ಲಿ ಹೊಯಿಗೆಯು ಕೂಡುತ್ತಲೂ ತೆಂಕಿನ ಉಳ್ಳಾಲದಲ್ಲಿ ಕೊರೆತವು ಹೆಚ್ಚುತ್ತಲೂ ಬಂತು.

ಈಗ ಗೋಡೆಯ ವಿಷಯ. ಕಲ್ಲುಗೋಡೆಯು ಹಿಂದಿನ ನೆಲವನ್ನು ಕೆಲಕಾಲ ಕಾಯುವದು ನಿಜ. ಆದರೆ ಹೊಯಿಗೆಯ ಇಳಿಜಾರಿನಲ್ಲಿ ಬಳಲಿ ಹಿಂದಿರುಗುತ್ತಿದ್ದ ತೆರೆಯು ಗೋಡೆಗೆ ಬಡಿದು ಬಲಸಮೇತ ಹಿಂದಿರುಗಿ, ಗೋಡೆಯ ಬುಡದ ಹೊಯಿಗೆಯನ್ನೇ ತೋಡುವದು. ಮೊದಲು ದಡ ಹೋಗುವದು, ಆಮೇಲೆ ಗೋಡೆ ಕುಸಿಯುವದು. ಗೋಡೆ ಮುಗಿಯುವಲ್ಲಿ ಕೊರೆತವು ನೆರೆಯವನ ಹಿತ್ತಿಲಿಗೆ ದಾಟುವದು. ಅವನೂ ಕಲ್ಲು ಬೇಡುವನು. ದೋಣಿ ಎಳೆಯುವದಕ್ಕೂ ಕೈರಂಪಣಿ ಬಲೆಯನ್ನು ಜಗ್ಗುವದಕ್ಕೂ ಮೀನು ಒಣಗಿಸುವದಕ್ಕೂ ಬೇಕಾದ ಹೊಯಿಗೆಯೇ ಇಲ್ಲದಾದ ಊರಿಗೆ ಕಡಲು ಇದ್ದೇನು ಪ್ರಯೋಜನ? 2010ರ ದಶಕದಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದಿಂದ ಉಳ್ಳಾಲದ ಹೊರಗಡಲಿನಲ್ಲಿ, ತೆರೆಗಳು ದೂರದಲ್ಲಿಯೇ ಒಡೆಯುವಂತೆ, ನೀರಿನಡಿಯ ದಿಬ್ಬಗಳನ್ನು ಕಟ್ಟಿದರು. ಅದರಲ್ಲಿ ಕಡಲಿನ ಸ್ವಂತ ಉಪಾಯದ ಅನುಕರಣವಾದರೂ ಇದೆ. ಬರೇ ಗೋಡೆಗಿಂತ ಆ ಆಲೋಚನೆಯು ಮೇಲು.

ಆದರೂ ಬೊಕ್ಕಸಕ್ಕೆ ಹಣ ಬಾರದೆ ಖರ್ಚನ್ನು ಎಷ್ಟು ತಡೆದರೇನು? ದಡದ ಹೊಯಿಗೆಯಲ್ಲಿ ಬಹುಪಾಲು ಘಟ್ಟದಿಂದ ಹೊಳೆಗಳು ತರುವಂಥಾದ್ದು. ಹೊಳೆಗೆ ಕಟ್ಟಿದ ಒಡ್ಡುಗಳ ಹಿಂದೆ ಅದು ತಂಗುವದು. ಉಳಿದುದನ್ನು ನಾವು ಮನೆ ಕಟ್ಟಲು ಅಗೆದು ಸಾಗಿಸುತ್ತೇವೆ. ಅಳಿವೆಯಲ್ಲಿ ಹೂಳೆತ್ತಿದ ಹೊಯಿಗೆಯು ಶುದ್ಧವಾಗಿದ್ದರೆ ಅದನ್ನು ಮಾರಾಟಕ್ಕೂ ಆಳಕಡಲಿಗೂ ಕಳುಹಿಸದೆ ಕೊರೆಯುವ ದಡಕ್ಕೇ ಹಾಕತಕ್ಕದ್ದೆಂದು ನನ್ನ ಮತವು. ಇನ್ನೊಂದು, ದಡಕ್ಕೆ ಹಿಂದೆಮುಂದೆ ಸರಿಯಲು ಸ್ಥಳ ಬಿಡಬೇಕು. 1991ರ ಕರಾವಳಿ ನಿಯಮವು ಅದಕ್ಕಾಗಿಯೇ ಹುಟ್ಟಿತು; ಜನದಟ್ಟಣೆಯ ಗ್ರಾಮಪ್ರದೇಶಗಳಲ್ಲಿ ಕಟ್ಟಡ ಕೂಡದೆಂಬ 200 ಮೀಟರಿನ ಪಟ್ಟಿಯನ್ನು 2019ರ ಅಧಿಸೂಚನೆಯು 50 ಮೀಟರಿಗೆ ಇಳಿಸಿತು. ಇದು ಬಡವರಿಗೆ ಉಪಕಾರವೆಂದು ಕೆಲವರು ವಾದಿಸುವರು. ತಲೆತಲಾಂತರದಿಂದ ಅಲ್ಲಿರುವ ಮೀನುಗಾರರ ಮನೆಗಳನ್ನು, ಬೇಕಾದರೆ ಕಲ್ಲಿನಿಂದಲೇ ಸರಿ, ಕಾಯತಕ್ಕದ್ದೆಂಬದರಲ್ಲಿ ಎರಡು ಮಾತಿಲ್ಲ. ಹೊಸದಾಗಿ ವಿಹಾರಗೃಹ ಕಟ್ಟುವವನಿಗೂ ಅದೇ ನ್ಯಾಯವನ್ನು ಹೇಳಲಾರೆ. ಅವನ ಅಂಗಳಕ್ಕೆ ಹಾಕಿದ ಕಲ್ಲಿನ ಬೆಲೆಯನ್ನು ಪಕ್ಕದ ಗುಡಿಸಲು ತೆರುವದು.

ಕರಾವಳಿಯ ಶಾಲೆಗಳ ಹುಡುಗಿಯರು ಒಂದು ಕೆಲಸವನ್ನು ಮಾಡಬಹುದು. ಅಲ್ಲಾಡದ ಒಂದು ಗುರುತಿನಿಂದ ಉಬ್ಬರದ ಗೆರೆಯವರೆಗೆ ಪ್ರತಿ ಹುಣ್ಣಿಮೆಗೂ ಹಗ್ಗ ಹಿಡಿದು ಅಳೆದು ಪುಸ್ತಕದಲ್ಲಿ ಬರೆದಿಡಲಿ. ಐದು ವರುಷಗಳ ಮೇಲೆ ಮತ್ತೊಂದು ಗೋಡೆಗೆ ಮಂಜೂರಾತಿ ಕೇಳುವಾಗ ಪಂಚಾಯತಿನವರ ಮುಂದೆ ತಾಯಂದಿರು ಆ ಪುಸ್ತಕವನ್ನು ತೆರೆದಿಡಬಹುದು.