ಮೊದಲು ಕಾಗದ, ಆಮೇಲೆ ಕಲ್ಲು

ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆ ಮನೆ ಕಟ್ಟಲು ವರ್ಷದಲ್ಲಿ ಸಿಗುವುದು ಆರೇಳು ತಿಂಗಳು. ಜೂನ್‌ನಲ್ಲಿ ಮಳೆ ಹಿಡಿದರೆ ಕೆಲಸ ನಿಂತ ಹಾಗೇ. ಆದರೂ ನಾವು ಮಾಡುವುದೇನು? ಗಲ್ಫ್‌ನಿಂದ ಮಗ ರಜೆಗೆ ಬಂದ ಕೂಡಲೇ ಕಲ್ಲು ಹಾಕಿಸುತ್ತೇವೆ, ಹೆಂಗಸರ ಚಿನ್ನ ಅಡವಿಡುತ್ತೇವೆ. ಕಾಗದಪತ್ರ ಆಮೇಲೆ ನೋಡುವಾ ಎನ್ನುತ್ತೇವೆ.

ಕೃಷಿ ಜಾಗವಾದರೆ ಮೊದಲು ಭೂ ಪರಿವರ್ತನೆ ಆಗಬೇಕು. ಗ್ರಾಮ ಪಂಚಾಯಿತಿಯಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11ಎ, ಬಳಿಕ ಕಟ್ಟಡ ಪರವಾನಗಿ. ಬ್ಯಾಂಕಿನವರು ಕೇಳುವುದೂ ಇದನ್ನೇ. ಅರ್ಜಿ ಹಾಕಲು ಮಳೆ ಅಡ್ಡಿಯಿಲ್ಲ. ಮಳೆಗಾಲದ ಮೊದಲೇ ಓಡಾಟ ಶುರುಮಾಡಿದರೆ ದೀಪಾವಳಿ ಕಳೆದು ಪಂಚಾಂಗ ತೆಗೆಯಬಹುದು, ಮೇ ಒಳಗೆ ತಾರಸಿ ಹಾಕಬಹುದು.

ಬಡ್ಡಿ ಬೇಡವೆಂದು ಬಂಧುಗಳಲ್ಲಿ ಕೈಸಾಲ ಮಾಡುವವರಿಗೂ ಇದೇ ಮಾತು. ಪರವಾನಗಿಗೆ ಮುಂಚೆ ತಂದ ಹಣ ಕೈಯಲ್ಲಿ ನಿಲ್ಲುವುದಿಲ್ಲ, ಮದುವೆಗೋ ಆಸ್ಪತ್ರೆಗೋ ಕರಗುತ್ತದೆ. ಪಂಚಾಂಗಕ್ಕೆ ಇಷ್ಟು, ಗೋಡೆಗೆ ಇಷ್ಟು, ತಾರಸಿಗೆ ಇಷ್ಟು ಎಂದು ಕಂತಿನಲ್ಲಿ ಕೇಳೋಣ. ವಾಯಿದೆಯನ್ನು ಬರೆದಿಡೋಣ. ಸಾಲ ಬರೆದಿಡಬೇಕೆಂಬುದು ಸೂರಾ ಅಲ್ ಬಖರದ 282ನೇ ವಚನದಲ್ಲೇ ಇದೆ, ಅಣ್ಣತಮ್ಮಂದಿರೆಂದು ಅದಕ್ಕೆ ವಿನಾಯಿತಿ ಇಲ್ಲ. ಕೊಟ್ಟವರ ಮಗಳ ನಿಕಾಹ್ ಹತ್ತಿರ ಬಂದಾಗ ನಮ್ಮ ಅರ್ಧ ಗೋಡೆ ತೋರಿಸಿ ವಾಯಿದೆ ಕೇಳುವುದು ಮರ್ಯಾದೆಯಲ್ಲ.

ಜಮಾಅತ್‌ನ ಓದಿದ ಹುಡುಗರು ಜುಮಾ ಮುಗಿದ ಮೇಲೆ ಅರ್ಧ ಗಂಟೆ ಕೂತು ಬಡವರ ಅರ್ಜಿ ತುಂಬಿಕೊಡಲಿ. ಮನೆ ಒಂದು ವರ್ಷ ತಡವಾದರೂ ಚಿಂತಿಲ್ಲ, ಸಾಲದ ಗೋಡೆ ಮಳೆಯಲ್ಲಿ ನೆನೆಯುವುದು ಬೇಡ.