363 ಸೈಟಿನವರಿಗೆ ರಕ್ಷಣೆ, ಒಂದು ಸೈಟೂ ಇಲ್ಲದವರಿಗೆ?



ಅಮೆರಿಕದ ಟೆಕ್ಸಾಸ್‌ನಲ್ಲಿ ಸಾಲ ಕೊಟ್ಟವನು ನಿಮ್ಮ ವಾಸದ ಮನೆಯನ್ನ ಸುಮ್ಮನೆ ಹರಾಜು ಹಾಕಿಸೋ ಹಾಗಿಲ್ಲ. 1839ರಲ್ಲಿ ಶುರುವಾದ ಈ ರಕ್ಷಣೆ ಇವತ್ತು ಅಲ್ಲಿನ ರಾಜ್ಯ ಸಂವಿಧಾನದಲ್ಲೇ ಇದೆ. ಮನೆ ಕೊಳ್ಳಲು ಮಾಡಿದ ಸಾಲ, ಆಸ್ತಿ ತೆರಿಗೆ ಇಂಥ ಕೆಲವು ಬಾಕಿಗಳಿಗೆ ಮಾತ್ರ ಅದು ಅನ್ವಯಿಸಲ್ಲ.

ನಗರದಲ್ಲಿ ಈ ರಕ್ಷಣೆ ಒಂದು ಎಕರೆವರೆಗೆ ಮಾತ್ರ ಇತ್ತು. 1999ರ ನವೆಂಬರ್‌ನಲ್ಲಿ ಜನರೇ ವೋಟು ಹಾಕಿ ಅದನ್ನ 10 ಎಕರೆಗೆ ಏರಿಸಿದರು. ನಮ್ಮ ಲೆಕ್ಕದಲ್ಲಿ 30x40ರ 363 ಸೈಟು!

ಮನೆ ಸಾಲಕ್ಕಿಂತ ದೊಡ್ಡದು ಅನ್ನೋ ತತ್ವ ಸರಿ. ಆದರೆ ಒಂದು ಎಕರೆಯನ್ನ ಹತ್ತು ಮಾಡಿದರೆ ಲಾಭ ಯಾರಿಗೆ? ಒಂದು ಎಕರೆಗಿಂತ ಹೆಚ್ಚು ಇದ್ದವನಿಗೆ. ಬಾಡಿಗೆ ಮನೆಯವನಿಗೆ ಸೊನ್ನೆ. ಅದೇ ದೇಶದಲ್ಲಿ 1865ರಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರಿಗೆ 40 ಎಕರೆವರೆಗೆ ಭೂಮಿ ಕೊಡೋ ಆದೇಶ ಬಂತು. ಅದೇ ವರ್ಷ ವಾಪಸ್ಸೂ ಹೋಯ್ತು. ಇದ್ದವರಿಗೆ ಮಿತಿ ಏರುತ್ತೆ, ಇಲ್ಲದವರಿಗೆ ಮಾತು ಮುರಿಯುತ್ತೆ. ಇದು ನಮಗೇನು ಹೊಸ ಕಥೆಯೇ?

ಈಗ ನಮ್ಮ ಕಡೆ ನೋಡಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಪ್ರಕಾರ ರೈತ, ಕೂಲಿಕಾರ್ಮಿಕ, ಮನೆಗೆಲಸದವರು ತಾವೇ ವಾಸ ಮಾಡೋ ಸ್ವಂತ ಮನೆಯನ್ನ ಕೋರ್ಟ್ ಜಪ್ತಿ ಮಾಡುವಂತಿಲ್ಲ. ನಮ್ಮ ಕೇರಿಗಳಲ್ಲಿ ಎಷ್ಟು ಜನಕ್ಕೆ ಗೊತ್ತು? ಆದರೆ ಅದೇ ಮನೆ ಬ್ಯಾಂಕಿಗೆ ಅಡವಿಟ್ಟಿರೋ, 2002ರ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸ್ ಕೊಟ್ಟು, ಕೋರ್ಟಿನ ತೀರ್ಪೇ ಇಲ್ಲದೆ ಸ್ವಾಧೀನಕ್ಕೆ ಬರಬಹುದು. ಟೆಕ್ಸಾಸ್‌ನಲ್ಲಿ ಇರೋ ಮನೆ ಮೇಲೆ ಸಾಲ ಎತ್ತಿದರೂ ಹರಾಜಿಗೆ ಕೋರ್ಟ್ ಆದೇಶ ಬೇಕೇ ಬೇಕು.

2025ರಲ್ಲಿ ಮೈಕ್ರೋಫೈನಾನ್ಸ್ ಕಾಟಕ್ಕೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟಾಗ ನಮ್ಮ ಸರ್ಕಾರ ಸುಗ್ರೀವಾಜ್ಞೆ ತಂತು. ಒಳ್ಳೇದೇ. ಆದರೆ ಅದು ಕಿರುಕುಳ ತಡೆಯೋ ಕಾನೂನು, ಮನೆ ಮೇಲಿನ ಹಕ್ಕಲ್ಲ.

ಹಾಗಾಗಿ ನಮ್ಮ ಬೇಡಿಕೆ ಎಕರೆಯಿಂದ ಅಲ್ಲ, ಅಡಿಯಿಂದ ಶುರುವಾಗಲಿ. ಮೊದಲು 94ಸಿ, 94ಸಿಸಿ ಅರ್ಜಿಗಳನ್ನ ಕೊಳೆ ಹಾಕದೆ ಹಕ್ಕುಪತ್ರ ಕೊಡಿ, ಹೆಣ್ಣುಮಕ್ಕಳ ಹೆಸರನ್ನೂ ಸೇರಿಸಿ. ಆಮೇಲೆ 30x40ರೊಳಗಿನ ವಾಸದ ಮನೆ ಒಂದೇ ಇದ್ದರೆ, ಕೋರ್ಟ್ ಆದೇಶ ಇಲ್ಲದೆ ಯಾರೂ ಮುಟ್ಟದ ಹಾಗೆ ಕಾನೂನು ಮಾಡಿ.

"ಹಾಗಾದ್ರೆ ಬಡವರಿಗೆ ಸಾಲ ಯಾರು ಕೊಡ್ತಾರೆ?" ಅಂತ ಕೇಳೋರು ಇರ್ತಾರೆ. ಟೆಕ್ಸಾಸ್‌ನ ಬ್ಯಾಂಕುಗಳು ಬಾಗಿಲು ಮುಚ್ಚಿಲ್ಲ ಸ್ವಾಮಿ. ಹತ್ತು ಎಕರೆಯವನಿಗೆ ಸಲ್ಲೋ ರಕ್ಷಣೆ, ಒಂದು ಸೂರಿನವರಿಗೆ ಯಾಕೆ ಸಲ್ಲಲ್ಲ?